ಕೆಡಿಸಲೆಂದೇ ಕೊಟ್ಟ ಕಂಪ್ಯೂಟರ್

ಬೀದಿಯವರೆಲ್ಲ ಅವರನ್ನು ರೇಡಿಯೊ ಅಜ್ಜ ಎಂದೇ ಕರೆಯುತ್ತಿದ್ದರು. ರಿಪೇರಿ ಅಂಗಡಿ ಮುಚ್ಚಿ ವರ್ಷಗಳೇ ಆಗಿದ್ದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಏನಾದರೂ ಗೊರ್ ಎಂದರೆ ಸಾಕು, ಸ್ಕ್ರೂಡ್ರೈವರ್ ಹಿಡಿದು ಹಾಜರು.

ಸೊಸೆ ಕಟ್ಟಡಗಳ ನಕ್ಷೆ ಬರೆಯುವವಳು. ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ, ಕಾಲನ್ನು ದಿಂಬಿನ ಮೇಲೆ ಚಾಚಿ ಹಳೆಯ ಲ್ಯಾಪ್‌ಟಾಪಿನಲ್ಲಿ ಆಫೀಸಿಗಾಗಿ ಹೊಸ ಆಸ್ಪತ್ರೆಯೊಂದರ ನಕ್ಷೆಯನ್ನು ಮನೆಯಿಂದಲೇ ಬರೆಯುತ್ತಿದ್ದಳು. ಅದರ ಫ್ಯಾನು ಏದುಸಿರು ಬಿಡುವುದನ್ನು ಕೇಳಿ ಅಜ್ಜನಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಮಾತ್ರೆ ನುಂಗಿ ಮಲಗಿದಾಗ ಅದನ್ನು ಮೆಲ್ಲಗೆ ಊಟದ ಮೇಜಿಗೆ ತಂದು ಬಿಚ್ಚಿದರು. ಧೂಳೇನೋ ಹೋಯಿತು. ಆದರೆ ಮತ್ತೆ ಜೋಡಿಸುವಾಗ ಕಾಗದದಷ್ಟು ತೆಳ್ಳನೆಯ ತಂತಿಪಟ್ಟಿಯೊಂದು ಹರಿದು ಕೈಗೆ ಬಂತು. ಆಮೇಲೆ ಗುಂಡಿ ಎಷ್ಟು ಒತ್ತಿದರೂ ಪರದೆ ಕಪ್ಪು.

ಸೊಸೆ ಎದ್ದಾಗ ಅಜ್ಜ ಎದುರು ನಿಂತು ತಲೆ ತಗ್ಗಿಸಿದರು.

"ನಿನ್ನ ಆಸ್ಪತ್ರೆ ನಕ್ಷೆನ ನನ್ನ ಕೈಯಾರೆ ಹಾಳು ಮಾಡಿಬಿಟ್ಟೆನಮ್ಮ."

ಸೊಸೆಯ ಹುಬ್ಬು ಒಂದು ಕ್ಷಣ ಗಂಟಿಕ್ಕಿತು. ಆಮೇಲೆ ಹೇಳಿದಳು: "ನಕ್ಷೆ ಇದರೊಳಗೆ ಇರಲೇ ಇಲ್ಲ ಮಾವ. ನಿಮ್ಮ ಕಂಪ್ಯೂಟರ್ ಹಾಕಿ, ತೋರಿಸ್ತೀನಿ."

ಅಜ್ಜ ಸುದ್ದಿ ಓದಲು ಇಟ್ಟುಕೊಂಡಿದ್ದ ಕಂಪ್ಯೂಟರಿನಲ್ಲಿ ಅವಳು ಆಫೀಸಿನ ಗುಪ್ತಪದ ಒತ್ತಿದಳು. ಆಸ್ಪತ್ರೆ ಹಾಗೆಯೇ ತೆರೆದುಕೊಂಡಿತು. ಅರ್ಧ ಎಳೆದಿದ್ದ ಗೋಡೆ ಸಮೇತ. ಲ್ಯಾಪ್‌ಟಾಪು ಬರೀ ಕಿಟಕಿ, ಕೆಲಸ ಮಾಡುವ ಕಂಪ್ಯೂಟರ್ ಎಲ್ಲೋ ದೂರದಲ್ಲಿದೆ ಎಂದು ವಿವರಿಸಿದಳು. ಅಲ್ಲಿಯೂ ಅವಳದೇ ಎಂಬ ಪೆಟ್ಟಿಗೆಯೇನಿಲ್ಲ. ಒಂದು ದೊಡ್ಡ ಯಂತ್ರದೊಳಗೆ ಸಾಫ್ಟ್‌ವೇರಿನಿಂದಲೇ ಎಷ್ಟೋ ಕಂಪ್ಯೂಟರುಗಳನ್ನು ಮಾಡಿಟ್ಟಿದ್ದಾರೆ, ಪ್ರತಿಯೊಂದೂ ತಾನೇ ಇಡೀ ಯಂತ್ರ ಅಂದುಕೊಂಡಿರುತ್ತದೆ.

"ಹಾಡೋರು ಅಲ್ಲೆಲ್ಲೋ, ಪೆಟ್ಟಿಗೆ ಇಲ್ಲಿ. ರೇಡಿಯೊ ಥರಾನೇ," ಎಂದರು ಅಜ್ಜ.

"ರೇಡಿಯೊ ಬರೀ ಹೇಳುತ್ತೆ. ಇದು ನಾವು ಹೇಳಿದ್ದನ್ನೂ ಕೇಳುತ್ತೆ."

"ಸದ್ಯ, ಈ ಮನೇಲಿ ಅದಾದ್ರೂ ಕೇಳುತ್ತಲ್ಲ," ಎಂದಳು ಬಟ್ಟೆ ಮಡಚುತ್ತಿದ್ದ ಅಜ್ಜಿ.

ಅಜ್ಜ ಮಾತ್ರ ನಗಲಿಲ್ಲ. ಅಂದಿನಿಂದ ಮನೆಯ ಯಾವ ವಸ್ತುವನ್ನೂ ಮುಟ್ಟಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದ್ದರೂ ಅತ್ತ ತಿರುಗಿ ನೋಡದೆ ಹೋಗುತ್ತಿದ್ದರು. ತಾನು ಬೈದಿದ್ದರೆ ಇದಕ್ಕಿಂತ ವಾಸಿಯಿತ್ತೇನೋ ಎನಿಸಿತು ಸೊಸೆಗೆ. ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗೆಳತಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಹೊಸಬರಿಗೆ ಕಲಿಸಲೆಂದು ಇಟ್ಟಿದ್ದ, ಆಫೀಸಿನ ಕಡತ ಒಂದೂ ಇಲ್ಲದ ದೊಡ್ಡ ಯಂತ್ರದೊಳಗಿನ ಅಂಥದೇ ಒಂದು ಚಿಕ್ಕ ಕಂಪ್ಯೂಟರನ್ನು ಗೆಳತಿ ಅಜ್ಜನಿಗಾಗಿ ತೆರೆದುಕೊಟ್ಟಳು.

ಸೊಸೆ ಅಜ್ಜನ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಅವರನ್ನು ಪರದೆಯ ಮುಂದೆ ಕೂರಿಸಿ, "ಇದನ್ನ ಹೇಗೆ ಬೇಕೋ ಹಾಗೆ ಕೆಡಿಸಿ ಮಾವ," ಎಂದಳು.

"ಕೆಟ್ಟುಹೋದ್ರೆ?"

"ಈಗ ಹೇಗಿದೆಯೋ ಹಾಗೇ ಒಂದು ಪ್ರತಿ ತೆಗೆದಿಟ್ಟಿದ್ದಾರೆ. ಅದನ್ನ ತಂದು ಕೂರಿಸಿದ್ರಾಯ್ತು."

ಅಜ್ಜ ಮೊದಲು ಹೆದರುತ್ತಲೇ ಗಡಿಯಾರವನ್ನು ಹಿಂದಕ್ಕಿಟ್ಟರು. ಆಮೇಲೆ ಒಂದು ಕಡತ ಅಳಿಸಿದರು. ಹುರುಪು ಬಂದು ಮತ್ತೂ ಅಳಿಸುತ್ತ ಹೋದಂತೆ ಕಂಪ್ಯೂಟರು ಮೂಕವಾಯಿತು. ಬೆಂಕಿ ಮುಟ್ಟಿದವರಂತೆ ಅವರು ಕೈ ಹಿಂದಕ್ಕೆಳೆದುಕೊಂಡರು. ಗೆಳತಿ ಹೇಳಿಕೊಟ್ಟಿದ್ದ ಗುಂಡಿಯನ್ನು ಸೊಸೆ ಒತ್ತಿದಳು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅದೇ ಕಂಪ್ಯೂಟರು, ಆಗಷ್ಟೇ ಸ್ನಾನ ಮಾಡಿಸಿದ ಕೂಸಿನಂತೆ, ಎದ್ದು ಕೂತಿತ್ತು.

ಅಜ್ಜ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆ ಸಂಜೆಯೆಲ್ಲ ಒಂದೊಂದೇ ಕಡತ ತೆಗೆಯುತ್ತ, ಯಾವುದನ್ನು ತೆಗೆದರೆ ಅದು ಮೇಲೇಳುವುದಿಲ್ಲ ಎಂದು ಹುಡುಕುತ್ತ, ಮತ್ತೆ ಮತ್ತೆ ಕೆಡವಿ ಎಬ್ಬಿಸಿದರು. ಅಜ್ಜಿ ಊಟಕ್ಕೆ ಕರೆದು ಕರೆದು ಸೋತಳು.

ಮರುದಿನ ಬೆಳಿಗ್ಗೆ ಆಫೀಸಿನಿಂದ ಸೊಸೆಗೆ ಬೇರೆ ಲ್ಯಾಪ್‌ಟಾಪು ಬಂತು. ಅವಳು ಆಸ್ಪತ್ರೆಯ ಗೋಡೆಯನ್ನು ಮುಂದುವರಿಸುತ್ತಿದ್ದಾಗ ಬಾಗಿಲ ಬಳಿ ಅಜ್ಜ ಕೆಮ್ಮಿದರು.

"ನಿನ್ನ ಗೆಳತೀನ ಒಂದು ಮಾತು ಕೇಳ್ತೀಯೇನಮ್ಮ? ಅಂಥ ಕಂಪ್ಯೂಟರು ಎರಡು ಕೊಟ್ರೆ, ಕೆಟ್ಟದ್ದನ್ನೂ ಸರಿ ಇರೋದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು."