ಹಾಲಿನ ಕವರಿನೊಳಗಿನ ಉಸಿರು

“ಏಯ್ ಬೋಸುಡಿ, ಕೈ ತೊಳ್ಕೊಂಡು ಮುಟ್ಟೇ. ನಿನ್ ಜಲ್ಮ ಅಡ ಇಟ್ರೂ ಬರಲ್ಲ ಆ ಮಿಷನ್ನು.”

ದೊಮ್ಮಲೂರು ಮೇಲುಸೇತುವೆಯ ಕೆಳಗೆ, ಆಗಷ್ಟೇ ಗುಡಿಸಿ ರಾಶಿ ಹಾಕಿದ ಧೂಳಿನ ಪಕ್ಕದಲ್ಲಿ, ಮೇಸ್ತ್ರಿ ಬೈಲಪ್ಪ ಪೌರಕಾರ್ಮಿಕ ಹೆಂಗಸರಿಗೆ ಗಾಳಿ ಅಳೆಯುವ ಯಂತ್ರಗಳನ್ನು ಹಂಚುತ್ತಿದ್ದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವು. ಕೊರಳಿಗೆ ಹಾಕಿಕೊಳ್ಳಲು ದಾರ. ಮಗ್ಗುಲಲ್ಲಿ ಒಂದು ಜಾಲರಿ, ಅದರೊಳಗೆ ಉಗುರಿನಷ್ಟು ಫ್ಯಾನು. ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡು, ಅದರಲ್ಲಿ ಧೂಳೆಷ್ಟೆಂದು ತಿಳಿದು, ನೆತ್ತಿಯ ದೀಪದ ಬಣ್ಣ ಬದಲಿಸುವುದು ಅದರ ಧರ್ಮ. ಹಸಿರಾದರೆ ಗಾಳಿ ಒಳ್ಳೆಯದು, ಕೆಂಪಾದರೆ ಶ್ವಾಸಕೋಶಕ್ಕೆ ಕೇಡು. ಡಾಕ್ಟರು ಗೌತಮಿ ಇಷ್ಟನ್ನು ತಿಳಿಸಿ ಹೊರಟ ಮೇಲೆ ಬೈಲಪ್ಪನ ವಿವರಣೆ ಮೊದಲಾಗಿತ್ತು.

“ಒಳಗೆ ಧೂಳು ಗೀಳು ಹೋಗಿ ಕೆಟ್ಟೋಯ್ತೋ, ಅವತ್ತೇ ಕೆಲ್ಸದಿಂದ ಕಿತ್ತಾಕ್ತೀನಿ. ನಿಮ್ ಗಂಡಂದಿರ್ಗಿಂತ ಜೋಪಾನವಾಗಿ ನೋಡ್ಕೊಳ್ರಿ.”

“ಗಂಡಂದಿರ್ನ ಯಾವಳು ಜೋಪಾನ ಮಾಡ್ತಾಳೆ ಮೇಸ್ತ್ರಿ,” ಎಂದಳು ಪಟಾಲಮ್ಮ.

ಹೆಂಗಸರು ನಕ್ಕರು. ಆ ನಗು ಮುಗಿಯುವ ಮುನ್ನವೇ ಪಟಾಲಮ್ಮನಿಗೆ ಕೆಮ್ಮು ಹತ್ತಿತು. ಸೇತುವೆಯ ಕಂಬ ಹಿಡಿದು, ಬಾಗಿ, ಬಹಳ ಹೊತ್ತು ಕೆಮ್ಮಿದಳು. ಎಷ್ಟೋ ವರ್ಷಗಳ ಕೆಮ್ಮು ಅದು.

ಉಪಾಯ ಹುಡುಕಿದವಳೂ ಅವಳೇ. ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಯಂತ್ರವನ್ನಿರಿಸಿ, ಬಾಯಿಗೆ ರಬ್ಬರ್ ಬ್ಯಾಂಡು ಬಿಗಿದು ಕೊರಳಿಗೆ ಹಾಕಿಕೊಂಡಳು. ಎಲ್ಲರೂ ಹಾಗೆಯೇ ಮಾಡಿದರು. ಲೆಕ್ಕ ತೆಗೆದುಕೊಳ್ಳಲು ಗೌತಮಿ ಬಂದಾಗ ಕವರು ಬಿಚ್ಚಿ, ಸೆರಗಿನಿಂದ ಒರೆಸಿ, ಎರಡೂ ಕೈಗಳಿಂದ ಕೊಡುತ್ತಿದ್ದರು. ಎರವಲು ತಂದ ಪಾತ್ರೆಯನ್ನು ಬೆಳಗಿಯೇ ಹಿಂದಿರುಗಿಸುವ ಮನೆಗಳಲ್ಲಿ ಬೆಳೆದವರು ಅವರು.

ಯಂತ್ರಗಳು ಸಾಲದೆ ಪಟಾಲಮ್ಮನ ಗೆಳತಿ ಪೀರಮ್ಮನಿಗೆ ಸಿಕ್ಕಿರಲಿಲ್ಲ. ಜೊತೆಯಲ್ಲಿ ಗುಡಿಸುವಾಗ ಪಟಾಲಮ್ಮ ತನ್ನದನ್ನು ಅವಳ ಕಿವಿಗೆ ಹಿಡಿಯುತ್ತಿದ್ದಳು.

“ಕೇಳೇ ಪೀರಿ. ಇದೂ ನನ್ನಂಗೇ ಎಳೀತೈತೆ.”

ಪ್ಲಾಸ್ಟಿಕ್ಕು ಜಾಲರಿಗೆ ಅಂಟಿಕೊಳ್ಳುತ್ತಿತ್ತು, ಬಿಡುತ್ತಿತ್ತು, ಮತ್ತೆ ಅಂಟಿಕೊಳ್ಳುತ್ತಿತ್ತು.

ಒಂದು ಮುಂಜಾನೆ ಪಟಾಲಮ್ಮ ಆ ಕಂಬಕ್ಕೆ ಒರಗಿ ಕುಳಿತವಳು ಏಳಲಿಲ್ಲ. ಪೊರಕೆ ತೊಡೆಯ ಮೇಲಿತ್ತು. ಎದೆಯ ಮೇಲೆ, ಹಾಲಿನ ಕವರಿನೊಳಗೆ, ನಂದಾದೀಪದಂತೆ ಹಸಿರು ಬೆಳಕು. ಪ್ರಾಣ ಹೊರಟುಹೋದ ದೇಹದ ಮೇಲೆ ಪ್ರಾಣವಿಲ್ಲದ ಯಂತ್ರ ಉಸಿರೆಳೆಯುತ್ತಿತ್ತು.

“ಮೊದ್ಲು ಮಿಷನ್ ಬಿಚ್ರೇ,” ಎಂದ ಬೈಲಪ್ಪ. ಅದನ್ನು ಪೀರಮ್ಮನ ಕೊರಳಿಗೆ ಹಾಕಿದ.

ಅಂದಿನಿಂದ ಪೀರಮ್ಮ ಒಬ್ಬಳೇ ಗುಡಿಸಲಿಲ್ಲ. ಬಸ್ಸುಗಳ ಸದ್ದು ತಗ್ಗಿದಾಗ ರವಿಕೆಯೊಳಗಿನಿಂದ ಪಟಾಲಮ್ಮ ಉಸಿರೆಳೆಯುವುದು ಕೇಳುತ್ತಿತ್ತು. ಬಿಚ್ಚಿಡಲು ಭಯ, ಹಾಕಿಕೊಳ್ಳಲೂ ಭಯ.

ತಿಂಗಳು ಕಳೆದ ಮೇಲೆ ಪಟಾಲಮ್ಮನ ಮಗಳಿಗೆ, ಪೀರಮ್ಮನಿಗೆ, ಮೇಸ್ತ್ರಿಗೆ, ಗೌತಮಿಗೆ ಪಾಲಿಕೆಯ ಕಚೇರಿಯಿಂದ ಕರೆ ಬಂತು. ಕೆಲಸದಿಂದಲೇ ಸಾವು ಬಂದದ್ದೆಂದು ಒಪ್ಪಿದರೆ ಪಟಾಲಮ್ಮನ ಜಾಗ ಮಗಳು ಸುಕನ್ಯಳಿಗೆ ಸಿಗಬೇಕಿತ್ತು. ಆರೋಗ್ಯಾಧಿಕಾರಿ ಸಿದ್ಧಲಿಂಗೇಶ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ.

“ನೋಡವಾ, ನಿಮ್ಮವ್ವ ತೀರಿಕೊಂಡ ದಿವಸದ್ದು ಮಿಷನ್ನಿನ ಗೆರಿ ಇದು. ಪೂರಾ ಹಸರ ಐತಿ. ನನ್ನ ಛೇಂಬರಿನಾಗ ಇಷ್ಟು ಚಲೋ ಗಾಳಿ ಇಲ್ಲ. ತಂಬಾಕ ತಿಂದು ಸತ್ತರ ನಾವೇನು ಮಾಡೂಣು?”

“ನಮ್ಮವ್ವ ಹೊಗೆಸೊಪ್ಪು ಹಾಕ್ತಿರ್ಲಿಲ್ಲ ಸಾರ್.”

“ಎಲ್ಲಾರೂ ಹಂಗ ಅಂತಾರ.”

ಗೌತಮಿ ಆ ಗೆರೆಯನ್ನೇ ನೋಡುತ್ತಿದ್ದಳು. “ಪೀರಮ್ಮ, ಗುಡಿಸೋವಾಗೆಲ್ಲ ಹಾಕ್ಕೊಂಡೇ ಇದ್ರಿ ಅಲ್ವಾ?”

“ಹಾಕ್ಕೊಂಡಿದ್ವಿ ತಾಯಿ. ಒಂದ್ ಚೂರು ಧೂಳು ತಾಕ್ದಂಗೆ ಮಡಗಿದ್ವಿ.”

ಪೀರಮ್ಮ ಹೆಮ್ಮೆಯಿಂದಲೇ ರವಿಕೆಯೊಳಗಿನಿಂದ ಕವರನ್ನು ಹೊರತೆಗೆದಳು. ಗೌತಮಿ ಎದ್ದು ಬಂದು ಕವರನ್ನು ಬೆರಳಿನಿಂದ ಮುಟ್ಟಿದಳು.

“ಇದ್ರೊಳಗೇನಾ? ಎಲ್ರದ್ದೂ?”

“ಮೇಸ್ತ್ರಿ ಹೇಳಿದ್ರಲ್ಲ, ಧೂಳು ಹೋಗ್ಬಾರ್ದು ಅಂತ.”

“ಬುದ್ಧಿ ಇಲ್ದ ಮುಂಡೇವು ಸಾರ್,” ಎಂದ ಬೈಲಪ್ಪ. “ಜೋಪಾನ ಅಂದೆ. ಮೂತಿ ಕಟ್ಟಿ ಅಂದ್ನಾ?”

ಗೌತಮಿ ಅಧಿಕಾರಿಯತ್ತ ತಿರುಗಿದಳು. “ಸಾರ್, ಇದು ಕವರೊಳಗಿನ ಗಾಳಿ ರೀಡಿಂಗು. ರಸ್ತೇದಲ್ಲ. ಮತ್ತೆ ಅಲ್ಲಿಗೇ ಹೋಗಿ ಅಳೀಬೇಕು.”

“ರಿಪೋರ್ಟ್ ಹೋಗೇತ್ರಿ ಮೇಡಂ. ಇವತ್ತು ಮಿಷನ್ ವಾಪಸ್. ರಸ್ತೆಗೆ ಮತ್ತ ಹೋಗೂದಿಲ್ಲ, ಏನೂ ಇಲ್ಲ. ನೀ ನಡಿಯವಾ ಸುಕನ್ಯಾ.”

ಪೀರಮ್ಮ ತನ್ನ ಕೈಯಲ್ಲಿದ್ದುದನ್ನು ನೋಡಿದಳು. ಪ್ಲಾಸ್ಟಿಕ್ಕು ಜಾಲರಿಗೆ ಅಂಟಿಕೊಂಡಿತು. ಈ ಸಲ ಬಿಡಲಿಲ್ಲ. ಅವಳು ಹೊರಗೆ ಹೋದಳು.

ಅಂಗಳದಲ್ಲಿ ಅವಳ ತಳ್ಳುಗಾಡಿಯಿತ್ತು. ಬೆಳಗಿನಿಂದ ಸೇತುವೆಯ ಕೆಳಗೆ ಗುಡಿಸಿದ್ದೆಲ್ಲ ಅದರಲ್ಲಿತ್ತು: ಟೈರು ಸವೆದ ಕರಿಪುಡಿ, ಸಿಮೆಂಟು, ಸುಟ್ಟ ಪ್ಲಾಸ್ಟಿಕ್ಕಿನ ಬೂದಿ. ಗಾಡಿಯ ಡಬ್ಬವನ್ನು ಸೊಂಟಕ್ಕೆತ್ತಿಕೊಂಡು, ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ಅಧಿಕಾರಿಯ ಮೇಜಿನ ಮುಂದೆ ಬೋರಲು ಹಾಕಿದಳು.

“ಏಯ್! ತಲೆಗಿಲೆ ಕೆಟ್ಟೈತೇನೇ ನಿಂಗೆ?” ಬೈಲಪ್ಪ ಹಿಂದಕ್ಕೆ ಜಿಗಿದ.

“ರಸ್ತೆಗೆ ಹೋಗಾಕಾಗಲ್ಲ ಅಂದ್ರಲ್ಲ ಸಾಮಿ. ರಸ್ತೇನೇ ತಂದಿವ್ನಿ.”

ಸುಕನ್ಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಆಮೇಲೆ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಗೌತಮಿ ಮೂಗಿಗೆ ದುಪಟ್ಟಾ ಒತ್ತಿಕೊಂಡಳು, ಆದರೆ ಬಾಗಿಲು ತೆಗೆಯೆನ್ನಲಿಲ್ಲ.

ಪೀರಮ್ಮ ರಬ್ಬರ್ ಬ್ಯಾಂಡನ್ನು ಹಲ್ಲಿನಿಂದ ಕಿತ್ತಳು. ಬೆತ್ತಲೆ ಯಂತ್ರವನ್ನು ಮೇಜಿನ ಮೇಲೆ, ಪರದೆಯ ಹಸಿರು ಗೆರೆಯ ಎದುರಿಗೆ ಇಟ್ಟಳು. ಪೊರಕೆ ಹಿಡಿದು ಗುಡಿಸತೊಡಗಿದಳು. ಧೂಳು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಎದೆಗೆ, ಆಮೇಲೆ ಟ್ಯೂಬ್‌ಲೈಟಿಗೆ. ಹಸಿರು ದೀಪ ಹಳದಿಯಾಯಿತು. ಕೆಂಪಾಯಿತು. ಅದರ ಪುಟ್ಟ ಫ್ಯಾನು ಎಳೆಯಿತು, ಎಳೆಯಿತು.

“ಬಾಗಲಾ ತೆಗಿ,” ಎಂದು ಅಧಿಕಾರಿ ಕರವಸ್ತ್ರದೊಳಗಿನಿಂದ ಕೂಗಿದ. ಸುಕನ್ಯ ಕದಲಲಿಲ್ಲ.

ಮಬ್ಬಿನಲ್ಲಿ ಮುಖಗಳು ಅಳಿಸಿಹೋದವು. ಆಗ ಯಾರೋ ಕೆಮ್ಮತೊಡಗಿದರು. ಬಾಗಿ, ಬಹಳ ಹೊತ್ತು, ಕಂಬ ಹಿಡಿದವರಂತೆ. ಆ ಕೆಮ್ಮನ್ನು ಪೀರಮ್ಮ ಬಲ್ಲಳು. ಅದು ಯಾರ ಎದೆಯಿಂದ ಬರುತ್ತಿದೆಯೆಂದು ಕಾಣಲಿಲ್ಲ. ಅವಳು ಪೊರಕೆ ನಿಲ್ಲಿಸಲಿಲ್ಲ.