ಕೃಷ್ಣಾ ವಿಮಾನಕ್ಕೆ ಉಡಿ

ನಾನು ಮುಂಬೈಯಲ್ಲಿ ಏರ್ ಇಂಡಿಯಾ ಹ್ಯಾಂಗರಿನ ಮೆಕ್ಯಾನಿಕ್. ಸೇರಿದಾಗ ಇದ್ದದ್ದು ಬೋಯಿಂಗ್ ೭೦೭. ಒಂದೊಂದಕ್ಕೂ ಹಿಮಾಲಯದ ಶಿಖರದ ಹೆಸರು. ಆಮೇಲೆ ಚಕ್ರವರ್ತಿಗಳ ಹೆಸರು ಹೊತ್ತು ಜಂಬೋಗಳು ಬಂದವು. ಎಂಬತ್ತಾರರಿಂದ ಏರ್‌ಬಸ್, ಅವಕ್ಕೆ ನದಿಗಳ ಹೆಸರು. ಯಮುನೆ ಬಂದಳು, ಗೋಮತಿ ಬಂದಳು, ನಮ್ಮ ಹೊಳೆಯನ್ನು ಕೇಳುವವರೇ ಇರಲಿಲ್ಲ. ನನಗೆ ಸಿಟ್ಟಿತ್ತು. ತೊಂಬತ್ತರಲ್ಲಿ ಕಡೆಗೂ ‘ಕೃಷ್ಣಾ’ ಬಂತು. ಅಂದೇ ರಾಯಬಾಗ ತಾಲೂಕಿನ ನಮ್ಮೂರಿಗೆ, ಅವ್ವನಿಗೆ ಕಾಗದ ಹಾಕಿದೆ.

ಅವ್ವ, ಹೆಸರು ಹೊಳೆವ್ವ, ದಸರೆಗೆ ಬಂದಿಳಿದಳು. ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಕೆಲಸಗಾರರ ಮನೆಯವರನ್ನೂ ಹ್ಯಾಂಗರಿಗೆ ಬಿಡುತ್ತಿದ್ದರು. ಅವಳ ಚೀಲದಲ್ಲಿ ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಕಂಡು ನನ್ನ ಹೆಂಡತಿ ಕಸ್ತೂರೆವ್ವನಿಗಿರಬೇಕು ಅಂದುಕೊಂಡೆ.

“ಇವು ಕೃಷ್ಣಾಗ. ನಾನ ಉಡಿ ತುಂಬತೇನಿ.”

ಮಳೆಗಾಲದಲ್ಲಿ ಹೊಳೆ ತುಂಬಿದಾಗ ನಮ್ಮೂರ ಹೆಂಗಸರು ಅದಕ್ಕೆ ಉಡಿ ತುಂಬುತ್ತಾರೆ. ಆದರೆ ಮುತ್ತೈದೆಯರು ಮಾತ್ರ. ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಅವ್ವ ತನ್ನ ಉಡಿಯ ತಾಟನ್ನು ನೆರೆಮನೆಯ ಅಕ್ಕವ್ವನ ಕೈಗೆ ಕೊಟ್ಟು ದಂಡೆಯ ಮೇಲೆ ದೂರ ನಿಂತಿದ್ದಳು. ಹ್ಯಾಂಗರಿನಲ್ಲಿ ಅರ್ಧ ಜನ ಸಾಂಗ್ಲಿ, ಕೊಲ್ಲಾಪುರದವರು. ಅವರಲ್ಲೂ ಇದೇ ಪದ್ಧತಿ. ಯಾರಾದರೂ ತಡೆದರೆ ಅವ್ವ ಇಷ್ಟು ಜನರೆದುರು ಹಿಂದೆ ಸರಿಯಬೇಕಾಗುತ್ತಿತ್ತು.

“ಕಸ್ತೂರಿ ತುಂಬಲಿ ಬೇ, ಅವ್ವಾ” ಎಂದೆ. ಹೇಡಿ ನಾನು.

“ದಶರಥಾ, ನೀ ಸುಮ್ನಿರು.”

ಫೋರ್‌ಮನ್ ನಾಮದೇವ ನಮ್ಮತ್ತ ಬಂದ. ಸಾಂಗ್ಲಿಯವನು, ಅದೇ ಹೊಳೆಯ ನೀರು ಕುಡಿದು ಬೆಳೆದವನು. ಅವ್ವನ ಬೋಳು ಹಣೆ ನೋಡಿದ, ಕೈಯಲ್ಲಿದ್ದ ಖಣ ನೋಡಿದ. ಆತ ವಿಮಾನದ ಮುಂದಿನ ಗಾಲಿಯ ಬಳಿ ನಿಂತವರನ್ನು ಸರಿಸಿ, “ಯಾ ಆಯೀ, ಬರ್ರಿ” ಎಂದು ಮರಾಠಿ ಬೆರೆಸಿ ಅವ್ವನನ್ನು ಕರೆದ.

ಅವ್ವ ಗಾಲಿಯ ಮುಂದೆ ಖಣ ಹಾಸಿ, ಅಕ್ಕಿ ಸುರಿದು, ಕಾಯಿ ಇಟ್ಟಳು. ಮುಖ ಅರಳಿತ್ತು. ನನಗೆ ಅಳು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಊರಿಗೆ ಹೋದೆ. ಹೊಳೆ ತುಂಬಿತ್ತು. ಅಕ್ಕವ್ವ ರೂಢಿಯಂತೆ ತಾಟಿಗೆ ಕೈಚಾಚಿದಳು. ಅವ್ವ ಕೊಡದೆ ತಾನೇ ನೀರಿಗಿಳಿದಳು.

“ಹೊಳೆವ್ವಾ, ನೀ ಹೆಂಗ ತುಂಬತಿ ಬೇ? ಹೊಳಿ ಒಲ್ಲೆ ಅಂದ್ರ?” ಅಕ್ಕವ್ವ ಕೂಗಿದಳು.

“ಮುಗಿಲಾಗ ಹಾರೂ ಕೃಷ್ಣಾನ ಒಲ್ಲೆ ಅನ್ನಲಿಲ್ಲ,” ಅವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ತಿರುಗಿ ನೋಡಿದಳು, “ನಮ್ಮೂರಾಕಿ ಒಲ್ಲೆ ಅಂತಾಳೇನ?”