ಶಾಮಲಮ್ಮನ ಲ್ಯಾಪ್‌ಟಾಪಿಗೆ ದೃಷ್ಟಿಬೊಟ್ಟು

ರಾಯಲ್ಪಾಡಿನ ಕಡೆ ನಮಗೆಲ್ಲ ಒಂದು ಮಾತು ಬಾಯಿಗೆ ಅಂಟಿಕೊಂಡಿದೆ. ಹೋಯ್ತು. ಕರೆಂಟ್ ಹೋಯ್ತು, ಶ್ರೀನಿವಾಸಪುರದ ಬಸ್ ಹೋಯ್ತು, ಬೋರ್‌ವೆಲ್ ಮೋಟಾರ್ ಹೋಯ್ತು, ಟೊಮೇಟೊ ರೇಟ್ ಹೋಯ್ತು. ಕೇಳುವವರು ಪಕ್ಕದಲ್ಲೇ ಕೂತಿದ್ದರೆ ಇಷ್ಟು ಸಾಕು, ಏನು ಹೋಯಿತೆಂದು ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಮುಖ ಕಾಣದ ದೂರದವರಿಗೆ ಅದೇ ಮಾತು ಹೇಳಿದರೆ ಅವರು ಪಾಪ ಏನಂತ ತಿಳಿದುಕೊಳ್ಳಬೇಕು? ನಮ್ಮ ಶಾಮಲಮ್ಮ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಶಾಮಲಮ್ಮನಿಗೆ ಐವತ್ತು ದಾಟಿದೆ. ಸ್ತ್ರೀಶಕ್ತಿ ಸಂಘದಲ್ಲಿ ಮಾತಿಗೂ ಮುಂದು, ಕೆಲಸಕ್ಕೂ ಮುಂದು. ಒಂದು ವಿಷಯಕ್ಕೆ ಮಾತ್ರ ಹಿಂದು, ಗೊತ್ತಿಲ್ಲದ್ದನ್ನು ಕೇಳುವುದಕ್ಕೆ. ಬ್ಯಾಂಕಿನಲ್ಲಿ ಹೇಳಿದ್ದು ಅರ್ಥವಾಗದಿದ್ದರೂ ಆಯ್ತು ಸಾರ್ ಎಂದು ತಲೆಯಾಡಿಸಿ ಬಂದುಬಿಡುತ್ತಾಳೆ. ನಾಲ್ಕು ಜನರ ಮುಂದೆ ದಡ್ಡಿ ಅನ್ನಿಸಿಕೊಳ್ಳುವುದೆಂದರೆ ಅವಳಿಗೆ ಆಗದು.

ಇವಳ ಮಗಳು ಚಂದನ ಮುಳಬಾಗಿಲಿನ ಒಂದು ಶಾಲೆಯಲ್ಲಿ ಟೀಚರ್. ಅವಳ ಹಳೆಯ ಲ್ಯಾಪ್‌ಟಾಪ್ ಎಂಥದ್ದೆಂದರೆ, ಅದನ್ನು ಆನ್ ಮಾಡಿ ಮುದ್ದೆಗೆ ಎಸರಿಟ್ಟರೆ ಮುದ್ದೆ ತಿಂದು ಕೈ ತೊಳೆಯುವ ಹೊತ್ತಿಗೆ ಎಚ್ಚರವಾಗುತ್ತಿತ್ತು. ಗುಜರಿಗೆ ಹಾಕಲು ಮನಸ್ಸು ಬರದೆ, ಜೊತೆಯ ಟೀಚರ್ ಒಬ್ಬರ ಕೈಯಲ್ಲಿ ಅದಕ್ಕೆ ಲಿನಕ್ಸ್ ಹಾಕಿಸಿ ಅಮ್ಮನಿಗೆ ಕೊಟ್ಟಳು. ಲಿನಕ್ಸ್ ಅಂದರೆ ಒಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ವ್ಯವಸ್ಥೆ. ಅದನ್ನು ಕೊಂಡುಕೊಳ್ಳಬೇಕಿಲ್ಲ, ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತದೆ. ರೂಢಿ ಮಾತ್ರ ಮಾಡಿಕೊಳ್ಳಬೇಕು. ಹೊಸ ಸೊಸೆ ಬಂದ ಅಡುಗೆಮನೆಯ ಹಾಗೆ ಅದು. ಅದೇ ಒಲೆ, ಅದೇ ಪಾತ್ರೆ, ಉಪ್ಪಿನ ಡಬ್ಬಿ ಎಲ್ಲಿದೆಯೋ ತಿಳಿಯದು.

ಶಾಮಲಮ್ಮ ಅದನ್ನು ಕಲಿತದ್ದು ಹಾಡಿಗೋಸ್ಕರ. ಅವಳ ದೊಡ್ಡಮ್ಮ ಮುನಿಯಲ್ಲಮ್ಮ ಸುತ್ತಲ ಹಳ್ಳಿಗಳ ಮದುವೆಗಳಲ್ಲಿ ಹಾಡುತ್ತಿದ್ದವಳು. ಅರಿಶಿನ ಕುಟ್ಟುವಾಗ ಒಂದು ಹಾಡು, ಚಪ್ಪರ ಹಾಕುವಾಗ ಒಂದು, ಬೀಗರನ್ನು ಕೆಣಕುವುದಕ್ಕೆ ಬೇಕಾದಷ್ಟು. ಅರ್ಧ ಕನ್ನಡ, ಅರ್ಧ ತೆಲುಗು. ಹೋದ ವರ್ಷ ಅವಳ ಗಂಟಲಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದಾಗ, ಅದಕ್ಕೆ ಮೊದಲೇ ಹಾಡುಗಳನ್ನೆಲ್ಲ ಶಾಮಲಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಮುನಿಯಲ್ಲಮ್ಮನ ಬಾಯಿಂದ ಪಿಸುಮಾತಿಗಿಂತ ಜೋರಾಗಿ ಒಂದಕ್ಷರ ಬರುವುದಿಲ್ಲ. ಹಾಡುಗಳು ಉಳಿದಿದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದಕ್ಕೆ ಹಾಕಿಕೊಂಡಮೇಲೆ, ಮೊಬೈಲಿನಲ್ಲಿ ಜಾಗ ಇಲ್ಲವೆಂದು ಅಲ್ಲಿದ್ದದ್ದನ್ನು ಶಾಮಲಮ್ಮ ಅಳಿಸಿಬಿಟ್ಟಿದ್ದಳು.

ಒಂದು ದಿನ ಸಂಘದ ಸಭೆಯಲ್ಲಿ ಆ ಹಾಡುಗಳನ್ನು ಹಾಕಿದಳು. ಹೆಂಗಸರೆಲ್ಲ ಬಾಯಿಬಿಟ್ಟುಕೊಂಡು ಕೇಳಿದರು, ಹೊಗಳಿದ್ದೇ ಹೊಗಳಿದ್ದು. ಮನೆಗೆ ಬರುವಾಗ ಲ್ಯಾಪ್‌ಟಾಪ್ ಇದ್ದ ಚೀಲ ಕೈಜಾರಿ ಬಾಗಿಲಿಗೆ ಬಡಿಯಿತು. ಏನೂ ಆಗಲಿಲ್ಲ, ಆದರೆ ಶಾಮಲಮ್ಮನ ಎದೆ ಧಸಕ್ಕೆಂದಿತು. ದಿಷ್ಟಿ ತಗಲಿದೆ, ಅನುಮಾನವೇ ಇಲ್ಲ. ಮಗುವಾಗಿದ್ದರೆ ಕೆನ್ನೆಗೆ ಕಾಡಿಗೆ ಬೊಟ್ಟು ಇಡಬಹುದಿತ್ತು. ಲ್ಯಾಪ್‌ಟಾಪಿಗೆ ಕಾಡಿಗೆ ಬಳಿದರೆ ಮಗಳು ಸುಮ್ಮನಿರುತ್ತಾಳೆಯೇ? ಯೋಚನೆ ಮಾಡಿ, ಹಾಡುಗಳಿದ್ದ ಫೋಲ್ಡರಿನ ‘ಮುನಿಯಲ್ಲಮ್ಮನ ಹಾಡು’ ಎಂಬ ಹೆಸರಿನ ಮೊದಲಿಗೇ, ಫುಲ್‌ಸ್ಟಾಪಿನ ಕೀ ಒತ್ತಿ ಒಂದು ಚುಕ್ಕಿ ಇಟ್ಟಳು. ಪುಟ್ಟದಾಗಿ, ಕಪ್ಪಗೆ, ದೃಷ್ಟಿಬೊಟ್ಟಿನ ಹಾಗೇ ಇತ್ತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ಸದ್ದಾಯಿತು. ಎಂಟರ್ ಒತ್ತಿ ಅಡುಗೆಮನೆಗೆ ಓಡಿದಳು.

ಮಾರನೆಯ ಬೆಳಿಗ್ಗೆ ನೋಡಿದರೆ ಫೋಲ್ಡರೇ ಇಲ್ಲ. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯಲ್ಲಿ ನೋಡಿದಳು, ಅದೂ ಖಾಲಿ. ಚಂದನಳಿಗೆ ಫೋನ್ ಮಾಡಿದರೆ, ಅವಳು ಪರೀಕ್ಷೆ ಡ್ಯೂಟಿಯಲ್ಲಿದ್ದಳು, ಭಾನುವಾರ ಬಂದು ನೋಡುತ್ತೇನೆ ಎಂದಳು. ಗಂಡ ಕೋದಂಡರಾಮಪ್ಪನಿಗೆ ಅಷ್ಟು ತಾಳ್ಮೆಯಿಲ್ಲ. ಕೋಲಾರದ ಯಾವುದೋ ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲಿ, ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದನಂತೆ. ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ ಎಂದು ಅವನು ಆಗಲೇ ಅಂಗಿ ಬದಲಾಯಿಸಿದ.

ಶಾಮಲಮ್ಮನಿಗೆ ಅಳು ಬಂತು. ಇಂಟರ್ನೆಟ್ಟಿನಲ್ಲಿ ಫೋರಂ ಎಂಬ ಜಾಗವಿದೆ ಎಂದು ಮಗಳು ಯಾವತ್ತೋ ತೋರಿಸಿದ್ದಳು. ಲಿನಕ್ಸ್ ಬಳಸುವವರು ಅಲ್ಲಿ ಪ್ರಶ್ನೆ ಬರೆಯುತ್ತಾರೆ, ಗೊತ್ತಿರುವ ಯಾರಾದರೂ ಉತ್ತರ ಬರೆಯುತ್ತಾರೆ, ಕನ್ನಡದವರದ್ದೂ ಒಂದಿದೆ. ಬೇರೆ ದಾರಿ ಕಾಣದೆ ಅದರಲ್ಲಿ ಬರೆದಳು. ‘ಹಾಡು ಹೋಯ್ತು. ಅರ್ಜೆಂಟ್. ಸಹಾಯ ಮಾಡಿ.’

ಉತ್ತರಗಳು ಬಂದವು. ಒಬ್ಬರು ಸ್ಪೀಕರ್ ಕೆಟ್ಟಿದೆಯೇ ನೋಡಿ ಎಂದರು. ಇನ್ನೊಬ್ಬರು ಯಾವ ಸಿನಿಮಾದ ಹಾಡು ಎಂದು ಕೇಳಿದರು. ಮತ್ತೊಬ್ಬರು ಕಂಪ್ಯೂಟರಿಗೆ ಆಜ್ಞೆ ಕೊಡುವ ಉದ್ದದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಕೊಟ್ಟು, ಇದನ್ನು ಹಾಕಿ ಎಂಟರ್ ಒತ್ತಿ, ಎಲ್ಲ ಹೊಸದಾಗುತ್ತದೆ ಎಂದರು. ಯಾರೋ ಒಬ್ಬ ಗುಟ್ಟಾಗಿ ಮೆಸೇಜ್ ಕಳಿಸಿ, ಮೊಬೈಲ್ ನಂಬರ್ ಮತ್ತು ಪಾಸ್‌ವರ್ಡ್ ಕೊಟ್ಟರೆ ಕೂತಲ್ಲಿಂದಲೇ ಸರಿಮಾಡುತ್ತೇನೆ ಎಂದಿದ್ದ.

“ಪಾಪ, ಒಳ್ಳೆ ಮನುಷ್ಯ. ಕೊಟ್ಬಿಡು ಅತ್ಲಾಗೆ,” ಎಂದ ಕೋದಂಡರಾಮಪ್ಪ.

ಅದೇ ಹೊತ್ತಿಗೆ ಪಕ್ಕದ ಬೀದಿಯ ನಿಶಾತ್ ರವಿಕೆ ಕೊಡಲು ಬಂದಳು. ಟೈಲರಿಂಗ್ ಮಾಡುವವಳು. ಹೊಲಿಗೆಯ ಡಿಸೈನ್ ಹುಡುಕುತ್ತಾ ಇಂಟರ್ನೆಟ್ಟಿನಲ್ಲಿ ಓಡಾಡಿ, ಒಂದು ಸಲ ಮೋಸಹೋಗಿ, ಆಮೇಲೆ ಹುಷಾರಾದವಳು. ವಿಷಯ ಕೇಳಿದವಳೇ ಆ ಮೆಸೇಜಿಗೆ ಉತ್ತರ ಕೊಡಬೇಡಿ ಎಂದಳು. ಆ ಉದ್ದದ ಸಾಲನ್ನೂ ಹಾಕಬೇಡಿ, ಅದು ಏನು ಮಾಡುತ್ತದೆಂದು ತಿಳಿಯದೆ ಎಂಟರ್ ಒತ್ತಬಾರದು ಎಂದಳು. ಫಾರ್ಮ್ಯಾಟ್ ಅಂದರೆ ರಿಪೇರಿ ಅಲ್ಲ, ಒಳಗಿರುವುದನ್ನೆಲ್ಲ ಅಳಿಸಿಹಾಕುವುದು ಎಂದೂ ಹೇಳಿದಳು. ಕೋದಂಡರಾಮಪ್ಪ ಕೋಲಾರಕ್ಕೆ ಹೊರಡಲು ಹಿಡಿದಿದ್ದ ಚೀಲ ಕೆಳಗಿಟ್ಟ. ಆದರೆ ಈಗ ಅವನಿಗೆ ಫೋರಂನವರ ಮೇಲೆಯೇ ನಂಬಿಕೆ ಹೋಯಿತು.

“ಅಲ್ಲಮ್ಮ, ಮುಖ ನೋಡಿಲ್ಲ, ಊರು ಗೊತ್ತಿಲ್ಲ. ಅಂಥೋರು ನಮ್ಮ ಕಷ್ಟ ಯಾಕೆ ಕೇಳ್ತಾರೆ?”

“ಕೇಳೋರು ಇದ್ದಾರೆ ಅಣ್ಣ. ನಾವು ಸರಿಯಾಗಿ ಹೇಳ್ಬೇಕು ಅಷ್ಟೇ,” ಎಂದಳು ನಿಶಾತ್. “ಆಸ್ಪತ್ರೆಗೆ ಹೋಗಿ ಆಗ್ತಿಲ್ಲ ಡಾಕ್ಟ್ರೇ ಅಂದ್ರೆ ಸಾಕಾಗುತ್ತಾ? ಎಲ್ಲಿ ನೋವು, ಯಾವಾಗಿಂದ, ಏನು ತಿಂದ್ರಿ ಅಂತ ಕೇಳಲ್ವಾ? ತಿಂದಿದ್ದು ಮುಚ್ಚಿಟ್ರೆ ಮದ್ದು ಹೆಂಗೆ ಕೊಡ್ತಾರೆ?”

ಹಾಗಾದರೆ ನೀನೇ ಸರಿಮಾಡು ಎಂದಳು ಶಾಮಲಮ್ಮ. ನಿಶಾತ್ ನಕ್ಕಳು. “ನಂಗೂ ಇದು ಗೊತ್ತಿಲ್ಲ ಶಾಮಲಕ್ಕ. ಗೊತ್ತಿಲ್ಲ ಅಂತಾನೇ ಕೇಳೋಣ.”

ಇಬ್ಬರೂ ಕೂತು ಮತ್ತೆ ಬರೆದರು. ಹಳೆಯ ಲ್ಯಾಪ್‌ಟಾಪ್, ಹೊಸದಾಗಿ ಲಿನಕ್ಸ್ ಹಾಕಿಸಿದ್ದೇವೆ, ನಾನು ಕಲಿಯುತ್ತಿರುವವಳು. ಇಂಥ ಹೆಸರಿನ ಫೋಲ್ಡರ್ ನಿನ್ನೆ ಸಂಜೆ ಇತ್ತು, ಇವತ್ತು ಕಾಣುತ್ತಿಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ. ಪರದೆಯ ಮೇಲೆ ತಪ್ಪಿನ ಸೂಚನೆ ಯಾವುದೂ ಬಂದಿಲ್ಲ. ಅದರಲ್ಲಿರುವುದು ಈಗ ಹಾಡಲಾಗದ ಒಬ್ಬರ ಹಾಡು, ಬೇರೆ ಕಡೆ ಇನ್ನೊಂದು ಪ್ರತಿ ಇಲ್ಲ.

ಫೋಲ್ಡರ್ ಕಾಣದೆ ಹೋಗುವ ಮೊದಲು ಕೊನೆಯದಾಗಿ ನೀವೇನು ಮಾಡಿದಿರಿ ಎಂದು ನಿಶಾತ್ ಕೇಳಿದಳು. ಏನೂ ಇಲ್ಲ ಎಂದಳು ಶಾಮಲಮ್ಮ. ಹಾಗೆಯೇ ಬರೆದು ಕಳಿಸಿದರು.

ಈ ಸಲ ಮಾಲೂರಿನ ಮುರಳಿಮೋಹನ್ ಎಂಬುವರು ಉತ್ತರ ಕೊಟ್ಟರು. ಗಾಬರಿಯಾಗಬೇಡಿ, ಹೊಸದಾಗಿ ಏನನ್ನೂ ಹಾಕಬೇಡಿ ಎಂದು ಮೊದಲಿಗೇ ಬರೆದಿದ್ದರು. ಆಮೇಲೆ ಒಂದು ಪ್ರಶ್ನೆ. ‘ಫೋಲ್ಡರನ್ನು ಬೇರೆ ಕಡೆಗೆ ಸರಿಸಿದಿರಾ, ಅಥವಾ ಹೆಸರೇನಾದರೂ ಬದಲಾಯಿಸಿದಿರಾ? ಸಣ್ಣದಾದರೂ ಹೇಳಿ.’

ಶಾಮಲಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. ಬೊಟ್ಟಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬೊಟ್ಟು ಇಡುವುದು ಕಾಪಾಡಲಿಕ್ಕೆ ತಾನೇ, ಅದರಿಂದ ಹೇಗೆ ಹೋದೀತು ಎಂದು ಅವಳ ಲೆಕ್ಕ. ಮೇಲಾಗಿ ಎದುರಿಗೆ ಗಂಡ. ಮನೆ ಕಟ್ಟಿದಾಗ ದೃಷ್ಟಿಗೊಂಬೆ ತೂಗುಹಾಕಲೂ ಬಿಡದೆ ನಕ್ಕಿದ್ದವನು. ಈಗ ಕಂಪ್ಯೂಟರಿಗೆ ಬೊಟ್ಟು ಇಟ್ಟೆ ಎಂದರೆ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಫೋರಂನಲ್ಲಿ ಓದುವವರೂ ನಗುತ್ತಾರೆ. ಸುಮ್ಮನಿದ್ದುಬಿಡೋಣ ಎನ್ನಿಸಿತು. ಸುಮ್ಮನಿದ್ದರೆ ದೊಡ್ಡಮ್ಮನ ದನಿ ಇನ್ನು ಯಾವತ್ತೂ ಕೇಳುವುದಿಲ್ಲ ಎಂಬುದೂ ನೆನಪಾಯಿತು.

“ಹೆಸರಿನ ಮೊದಲಿಗೆ ಒಂದು ಚುಕ್ಕಿ ಇಟ್ಟೆ ಕಣೇ,” ಎಂದಳು ತಲೆತಗ್ಗಿಸಿ. “ದಿಷ್ಟಿ ಆಗ್ಬಾರ್ದು ಅಂತ.”

ಕೋದಂಡರಾಮಪ್ಪ ಬಾಯಿ ತೆರೆದ. ಹೆಂಡತಿಯ ಕಣ್ಣಲ್ಲಿ ನೀರು ಕಂಡು ಹಾಗೇ ಮುಚ್ಚಿಕೊಂಡ. ನಿಶಾತ್ ನಗಲಿಲ್ಲ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿದಳು.

ಅವಳು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು. ‘ನೀವು ಅದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ಲಿನಕ್ಸ್‌ನಲ್ಲಿ ಹೆಸರಿನ ಮೊದಲಿಗೆ ಚುಕ್ಕಿ ಇದ್ದರೆ ಅದನ್ನು ಮರೆಯಲ್ಲಿಡು ಎಂದರ್ಥ. ಫೋಲ್ಡರ್ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡು ಹೆಚ್ ಒತ್ತಿ. ಕಂಡಮೇಲೆ ಚುಕ್ಕಿ ತೆಗೆದುಬಿಡಿ. ನಿಮ್ಮ ದೃಷ್ಟಿಬೊಟ್ಟು ಚೆನ್ನಾಗಿಯೇ ಕೆಲಸ ಮಾಡಿದೆ ಅಮ್ಮ, ಯಾರ ಕಣ್ಣಿಗೂ ಬೀಳದ ಹಾಗೆ ಕಾಪಾಡಿದೆ.’

ಶಾಮಲಮ್ಮ ಹಾಗೆಯೇ ಒತ್ತಿದಳು. ಫೋಲ್ಡರ್ ಕಾಣಿಸಿತು, ಹಾಡುಗಳೆಲ್ಲ ಅದರೊಳಗೆ ಇದ್ದವು. ಮೊದಲು ಅತ್ತಳು, ಆಮೇಲೆ ಮುರಳಿಮೋಹನ್ ಬರೆದ ಕೊನೆಯ ಸಾಲು ಓದಿ ನಕ್ಕಳು. ಅವಳ ಗಂಡನೂ ಧೈರ್ಯವಾಗಿ ನಕ್ಕ. ಎರಡು ಪೆನ್‌ಡ್ರೈವಿಗೆ ಹಾಡುಗಳನ್ನು ತುಂಬಿಸಿ, ಒಂದನ್ನು ಚಂದನಳ ಮನೆಯಲ್ಲಿಡಬೇಕೆಂದು ಮಾತಾಯಿತು. ನಿಶಾತ್ ಬಿಡಲಿಲ್ಲ, ಸರಿಹೋಯಿತು ಎಂದೂ ಫೋರಂನಲ್ಲಿ ಬರೆಸಿದಳು. ಮುಂದೆ ಇದೇ ಕಷ್ಟ ಬಂದವರು ಅದನ್ನು ಓದುತ್ತಾರೆ ಎಂದಳು. ಸಂಕೋಚಪಟ್ಟುಕೊಳ್ಳುತ್ತಲೇ ಶಾಮಲಮ್ಮ ಬೊಟ್ಟಿನ ವಿಷಯವನ್ನೂ ಸೇರಿಸಿ ಬರೆದಳು. ಇವತ್ತಿಗೂ ಊರಿನಲ್ಲಿ ಯಾರ ಜೊತೆ ಮಾತಾಡುವಾಗಲೂ ಕೋದಂಡರಾಮಪ್ಪ ಇದನ್ನೇ ಹೇಳುತ್ತಾನೆ, ಆದರೆ ಗೇಲಿ ಮಾಡಿಯಲ್ಲ. ನಿಮ್ಮ ಹುಡುಗರ ಕಂಪ್ಯೂಟರಿಗೆ ಏನಾದರೂ ಆದರೆ ಫಾರ್ಮ್ಯಾಟಿಗೆ ಕೊಡುವ ಮುಂಚೆ ಒಂದು ಸಲ ಕೇಳಿ ಎನ್ನುತ್ತಾನೆ.

ಹಾಡು ಸಿಕ್ಕ ಆ ಸಂಜೆಯೇ ಲ್ಯಾಪ್‌ಟಾಪ್ ತೆಗೆದುಕೊಂಡು ಶಾಮಲಮ್ಮ ದೊಡ್ಡಮ್ಮನ ಮನೆಗೆ ಹೋದಳು. ಅಕ್ಕಪಕ್ಕದ ಹೆಂಗಸರೂ ಬಂದು ಕೂತರು. ತನ್ನದೇ ದನಿ ಕೇಳುತ್ತಾ ಮುನಿಯಲ್ಲಮ್ಮನ ತುಟಿ ಆಡತೊಡಗಿತು, ಶಬ್ದ ಮಾತ್ರ ಇಲ್ಲ. ಚಪ್ಪರದ ಹಾಡಿನ ನಡುವೆ ಕೈಯೆತ್ತಿ ನಿಲ್ಲಿಸು ಎಂದಳು. ಶಾಮಲಮ್ಮನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಲ್ಲಿ ಒಂದು ಮಾತು ತಪ್ಪು ಹಾಡಿದ್ದೀನಿ, ಸರಿಯಾದದ್ದು ಹೀಗೆ ಎಂದು ಹೇಳುತ್ತಿದ್ದಳು. ಹಳೆಯ ತೆಲುಗು ಮಾತು, ಶಾಮಲಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು.

“ನಂಗೆ ಅರ್ಥ ಆಗ್ಲಿಲ್ಲ ದೊಡ್ಡಮ್ಮ,” ಎಂದಳು ಶಾಮಲಮ್ಮ, ಎಲ್ಲರಿಗೂ ಕೇಳುವ ಹಾಗೆ. “ಇನ್ನೊಂದ್ಸಲ ಹೇಳಿಕೊಡು.”

ಮುನಿಯಲ್ಲಮ್ಮ ಇನ್ನೊಂದು ಸಲ ಹೇಳಿಕೊಟ್ಟಳು. ಶಾಮಲಮ್ಮ ಅದನ್ನು ತನ್ನ ದನಿಯಲ್ಲಿ ಹಾಡಿದಳು. ಮುದುಕಿ ಕಣ್ಣು ಮುಚ್ಚಿ ತಲೆದೂಗಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಹೊಸದೊಂದು ಕಂಪ್ಯೂಟರೋ ಮೊಬೈಲೋ ಬಂದೀತು, ಒಂದು ದಿನ ಅದರಲ್ಲಿ ಏನೋ ಕಾಣದೆ ಹೋದೀತು. ಆಗ ಬರಿ ಹೋಯ್ತು ಎಂದು ಕೂರಬೇಡಿ. ನಿಮ್ಮಲ್ಲಿರುವುದು ಯಾವ ಯಂತ್ರ, ಏನು ಮಾಡಲು ಹೋದಿರಿ, ಏನು ಕಂಡಿತು, ಅದಕ್ಕೆ ಸ್ವಲ್ಪ ಮೊದಲು ಏನು ಮಾಡಿದ್ದಿರಿ, ಎಲ್ಲವನ್ನೂ ನಾಚಿಕೆ ಬಿಟ್ಟು ಹೇಳಿ. ಎಲ್ಲರೂ ಓದುವ ಕಡೆ ಕೇಳಿ, ಗುಟ್ಟಾಗಿ ಬಂದು ಪಾಸ್‌ವರ್ಡೋ ಓಟಿಪಿಯೋ ಕೇಳುವವರಿಗೆ ಕೊಡಬೇಡಿ. ಏನೆಂದು ತಿಳಿಯದ ಸಾಲನ್ನು ಹಾಕಿ ಎಂಟರ್ ಒತ್ತಬೇಡಿ. ಕಳೆದುಕೊಳ್ಳಬಾರದ್ದನ್ನು ಇನ್ನೊಂದು ಕಡೆಯೂ ಇಟ್ಟುಕೊಳ್ಳಿ. ಸರಿಹೋದಮೇಲೆ ಅದನ್ನೂ ಬರೆಯಿರಿ, ನಿಮ್ಮ ಹಿಂದೆ ಬರುವವರಿಗೆ ಬೇಕಾಗುತ್ತದೆ. ನಿಮಗೆ ಗೊತ್ತಿಲ್ಲದ್ದು ಯಾರಿಗೋ ಗೊತ್ತಿದೆ. ನೀವು ಬಾಯಿಬಿಟ್ಟು ಕೇಳುವವರೆಗೆ, ಅದು ನಿಮಗೆ ಬೇಕಾಗಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ.